ಕೋರಿಕೆ ನಿಲುಗಡೆ

ನಮ್ಮ ಮಾಮಾನ ಎದುರಿಗೆ ದಯವಿಟ್ಟು ಕೈ ಎತ್ತಬೇಡಿ. ಆಶೀರ್ವಾದ ಮಾಡಲಿಕ್ಕೂ ಬೇಡ, ಸೊಳ್ಳೆ ಹೊಡೆಯಲಿಕ್ಕೂ ಬೇಡ, ಗೂಟಕ್ಕೆ ಅಂಗಿ ತೂಗುಹಾಕಲಿಕ್ಕಂತೂ ಬೇಡವೇ ಬೇಡ. ನೀವು ಎತ್ತಿದಿರೋ, ಅವರು ನಿಂತರು! ನಡೆಯುತ್ತಿದ್ದರೆ ನಡಿಗೆ ನಿಲ್ಲುತ್ತದೆ, ಮಾತಾಡುತ್ತಿದ್ದರೆ ಮಾತು ನಿಲ್ಲುತ್ತದೆ. ನನ್ನ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಅವರು ನೀರಿನ ಕೊಡ ಹೊತ್ತುಕೊಂಡು ಅಡುಗೆಯವರ ಕಡೆ ಹೊರಟಿದ್ದರು. ಅದೇ ಗಳಿಗೆಗೆ ನಾನೂರು ಜನ ಅಕ್ಷತೆ ಹಾಕಲು ಒಮ್ಮೆಲೇ ಕೈ ಎತ್ತಿದರು. ಮಾಮಾ ಮಂಟಪದ ಮುಂದೆ ಗಕ್ಕನೆ ನಿಂತುಬಿಟ್ಟರು. ಮದುವೆಯ ವಿಡಿಯೋದಲ್ಲಿ ನಾನು ತಾಳಿ ಕಟ್ಟಿದ್ದು ಇವತ್ತಿಗೂ ಕಾಣುವುದಿಲ್ಲ, ಕೊಡ ಕಾಣುತ್ತದೆ.

ಇದಕ್ಕೆ ಅವರನ್ನು ಬೈಯುವಂತಿಲ್ಲ. ನನ್ನ ತಾಯಿಯ ಈ ಅಣ್ಣ ಮೂವತ್ತೆರಡು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವರು. ಬಾಗಲಕೋಟೆ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಹುನಗುಂದ ಇವೇ ಅವರ ದಾರಿಗಳು. ಸಣ್ಣ ಹಳ್ಳಿಗಳ ಕ್ರಾಸುಗಳಲ್ಲಿ ‘ಕೋರಿಕೆ ನಿಲುಗಡೆ’ ಎಂದು ಬೋರ್ಡು ಇರುತ್ತದಲ್ಲ? ಅಲ್ಲಿ ಬಸ್ಸು ತಾನಾಗಿ ನಿಲ್ಲುವುದಿಲ್ಲ. ನೀವು ಕೈ ಎತ್ತಬೇಕು, ಕಂಡಕ್ಟರ್ ಒಂದು ಸೀಟಿ ಊದಬೇಕು, ಆಗ ನಿಲ್ಲುತ್ತದೆ. ಮಾಮಾನ ದಾರಿಯಲ್ಲಿ ಇಂಥವೇ ಹೆಚ್ಚು. ಹೀಗಾಗಿ ನೌಕರಿ ಮುಗಿದರೂ ಸೀಟಿ ಅವರ ಎದೆಯೊಳಗೆ ಉಳಿದುಬಿಟ್ಟಿತು.

ನಾನು ಸರ್ವೆ ಕಚೇರಿಯಲ್ಲಿ ಹೊಲ ಅಳೆಯುವವನು. ಅಳೆಯದೆ ಏನನ್ನೂ ನಂಬದವನು. ಮುಂದಿನ ಮಾತುಗಳಲ್ಲಿ ಎಲ್ಲಾದರೂ ಉತ್ಪ್ರೇಕ್ಷೆ ಕಂಡರೆ ಅದು ಮಾಮಾನದು, ನನ್ನದಲ್ಲ.

ನಿವೃತ್ತಿಯಾದ ಮರುದಿನವೇ ತೊಂದರೆ ಶುರುವಾಯಿತು. ಏನು ತೊಂದರೆ? ಮನೆ ಅಲುಗಾಡುತ್ತಿರಲಿಲ್ಲ! ಹುನಗುಂದದ ಆ ಮನೆ ಕಟ್ಟಿದ ದಿನದಿಂದಲೂ ಅಲ್ಲೇ ಇತ್ತು ಎಂಬುದು ಅವರಿಗೆ ಅಂದು ಮೊದಲ ಸಲ ತಿಳಿಯಿತು. ಅಡುಗೆಮನೆಯ ಬಾಗಿಲಲ್ಲಿ ಕಾಲು ಅಗಲಿಸಿ, ಸೊಂಟವನ್ನು ಚೌಕಟ್ಟಿಗೆ ಆನಿಸಿ, ತೂಗಾಡುತ್ತ ಚಹಾ ಕುಡಿಯುತ್ತಿದ್ದರು. ಅತ್ತಿ, ಅಂದರೆ ಅವರ ಹೆಂಡತಿ, ಇಳಕಲ್ಲಿನ ನೇಕಾರರ ಮಗಳು. ಎಳೆ ಹರಿದರೆ ಮಾತ್ರ ಮಗ್ಗ ನಿಲ್ಲಿಸುವ ಮನೆತನದವರು. ರೊಟ್ಟಿ ಬಡಿಯುತ್ತಲೇ ಹೇಳಿದರು:

“ಕುಂದರ್ರಿ ಒಂದ್ ಕಡೆ. ಕುರ್ಚಿ ಖಾಲಿ ಐತಿ.”

“ಸೀಟು ಪ್ಯಾಸೆಂಜರ್‌ಗೆ.”

“ಮನ್ಯಾಗ ಪ್ಯಾಸೆಂಜರ್ ಯಾರದಾರ?”

“ನೀ ಅದಿಯಲ್ಲ!”

“ಖರೆ. ಮೂವತ್ತ್ ವರ್ಷ ಆತು ಹತ್ತಿ. ನನ್ನ ಊರು ಯಾವಾಗ ಬರ್ತೈತಿ ಅಂತರೆ ಹೇಳ್ರಿ.”

ಮಾಮಾ ಚಹಾ ಮುಗಿಸಿ ಓಣಿಯ ತುದಿಗೆ ಹೋಗಿ ಬಂದರು. ಮತ್ತೆ ಹೋಗಿ ಬಂದರು. ದಿನಕ್ಕೆ ಹದಿನಾರು ಸಲ. ಹೊತ್ತಿಗೆ ಸರಿಯಾಗಿ. ಓಣಿಯ ಜನ ಗಡಿಯಾರ ನೋಡುವುದನ್ನು ಬಿಟ್ಟರು.

ಈ ಸಂಕಟದ ನಡುವೆ ಒಂದು ರವಿವಾರ ನಾನು ನನ್ನ ಮೊಬೈಲಿನಲ್ಲಿ ಅವರಿಗೊಂದು ವಿಡಿಯೋ ತೋರಿಸಿದೆ. ಅದೇ ನಾನು ಮಾಡಿದ ತಪ್ಪು. ದೂರದ ಟ್ರಯಾಥ್ಲಾನ್ ಸ್ಪರ್ಧೆಯೊಂದರ ವಿಡಿಯೋ ಅದು. ನೂರಾರು ಜನ ಸಮುದ್ರಕ್ಕೆ ಧುಮುಕಿದರು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿದರು, ಇಳಿದು ಓಡಿದರು.

“ಯಾರ್ಲೇ ಇವರು? ಯಾರರೆ ಬೆನ್ನು ಹತ್ಯಾರೇನು?”

“ಇಲ್ರಿ ಮಾಮಾ, ಸ್ಪರ್ಧಾ. ಈಜೂದು ಎರಡ್ ಕಿಲೋಮೀಟರ್‌ಗೆ ತುಸು ಕಡಿಮಿ, ಸೈಕಲ್ ತೊಂಬತ್ತು, ಓಟ ಇಪ್ಪತ್ತೊಂದು. ಎಲ್ಲಾ ಕೂಡಿ ಎಂಟೂವರಿ ತಾಸಿನ್ಯಾಗ ಮುಗೀಬೇಕು.”

“ಅಂದ್ರ ನಡುವ ಎರಡ್ ಕಡೆ ಗಾಡಿ ಬದಲಿ.”

“ಹಂಗ ಅನ್ರಿ.”

“ಊಟಕ್ಕ ಎಲ್ಲಿ ನಿಲ್ಲಸ್ತಾರ?”

“ಊಟಕ್ಕ ನಿಲ್ಲಸೂದಿಲ್ರಿ.”

ನಕ್ಕುಬಿಡುತ್ತಾರೆ ಎಂದುಕೊಂಡೆ. ಮಾಮಾ ನಗಲಿಲ್ಲ. ವಿಡಿಯೋವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ಎರಡೂ ಕಾಲುಗಳನ್ನು, ಬೇರೆಯವರ ಸಾಮಾನು ನೋಡುವ ಹಾಗೆ ನೋಡಿಕೊಂಡರು.

“ಮೂವತ್ತೆರಡ್ ವರ್ಷಲೇ ಅಳಿಯಾ. ಭೂಮಿ ಎಷ್ಟ್ ಸಲ ಸುತ್ತೇನೋ ಲೆಕ್ಕಿಲ್ಲ. ಒಂದ್ ಹೆಜ್ಜಿನೂ ನನ್ನ ಕಾಲಿಂದಲ್ಲ. ಎಂಜಿನ್ ಓಡತು, ಡ್ರೈವರ್ ಓಡಿಸಿದ. ನಾ ಬರೇ ನಿಂತಿದ್ದೆ.”

ಹೀಗೆ ಅರವತ್ತು ದಾಟಿದ ಮಾಮಾ ಸಮುದ್ರ ದಂಡೆಯ ಊರೊಂದರಲ್ಲಿ ನಡೆಯುವ ಸ್ಪರ್ಧೆಗೆ ಹೆಸರು ಕೊಟ್ಟರು. ಡಾಕ್ಟರರು ಎದೆ, ರಕ್ತ, ಒತ್ತಡ ಎಲ್ಲವನ್ನೂ ಪರೀಕ್ಷಿಸಿ, “ಮಾಡ್ರಿ, ಆದ್ರ ಒಬ್ಬರ ಮಾಡಬ್ಯಾಡ್ರಿ” ಎಂದರು. ಆ ಎರಡನೆಯ ಮನುಷ್ಯ ಯಾರು? ನೀವು ಊಹಿಸಿದ್ದು ಸರಿ. ಅತ್ತಿ ನನ್ನನ್ನು ಒಳಗೆ ಕರೆದು ಒಂದು ನೋಟ್‌ಬುಕ್ ಕೈಗಿಟ್ಟರು.

“ತಮ್ಮಾ, ನೀ ಅಳತಿ ಮಾಡೂ ನೌಕರಿಯಾಂವ. ಕಣ್ಣಿಗೆ ಕಂಡದ್ದು ಕಂಡಂಗ ಬರಿ. ಅವರ ಮಾರಿ ನೋಡಿ ಹೆಚ್ಚುಕಡಿಮಿ ಬರದಿ ಅಂದ್ರ, ಈ ಹೊಸ್ತಲಾ ದಾಟಬ್ಯಾಡ.”

ಜೊತೆಗೆ ತಮ್ಮ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ಕತ್ತರಿಸಿ ಕೊಟ್ಟರು. ಈಜುವಾಗ ಮಾಮಾ ಅದನ್ನು ತಲೆಗೆ ಬಿಗಿಯಾಗಿ ಕಟ್ಟಿಕೊಳ್ಳಬೇಕು. ದಂಡೆಯ ಮೇಲಿರುವ ನನಗೆ ಆ ಕೆಂಪು ಕಾಣುತ್ತಿರಬೇಕು. ನನಗೆ ಈಜು ಬರುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೆಂಪನ್ನು ನೋಡುವುದು, ಬರೆಯುವುದು, ಇಷ್ಟೇ ನನ್ನ ಕೈಲಾಗುವ ಕೆಲಸ.

ಈಜು ಕಲಿಸಲು ಬಾಗಲಕೋಟೆಯ ಹಿನ್ನೀರಿನಲ್ಲಿ ಮೀನು ಹಿಡಿಯುವ ಒಬ್ಬ ಅಜ್ಜ ಒಪ್ಪಿಕೊಂಡರು. ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ ಮಾಮಾನನ್ನು ನೀರಿಗೆ ಇಳಿಸಿದರು. ಅಣೆಕಟ್ಟು ಬಂದ ಮೇಲೆ ಮುಳುಗಿದ ಹಳೇ ಊರಿನ ಎಷ್ಟೋ ಓಣಿಗಳು ಆ ನೀರಿನ ತಳದಲ್ಲಿವೆ. ಮಾಮಾ ನಡುನೀರಿನಲ್ಲಿ ಕೈಕಾಲು ಬಿಟ್ಟು, “ಅಜ್ಜಾ, ಇದರ ಕೆಳಗ ನನ್ನ ಮೊದಲನೇ ಸ್ಟಾಪ್ ಇತ್ತು” ಎನ್ನುವರು.

“ಇಳಿಯೂದಿತ್ತೇನ್ರಿ ಕಂಡಕ್ಟರ್ರ?” ಎಂದು ಅಜ್ಜ ಕೇಳುವರು.

ಒಂದು ತಿಂಗಳಿಗೆ ಕ್ಯಾನ್ ಬಿಚ್ಚಿದರು. ಆಗ ಹೊಸ ಸಂಕಟ. ಮಾಮಾ ಎದುರಿನ ಕಲ್ಲಿನ ಕಡೆಗೆ ಹೊರಡುವರು, ಭರದಿಂದ ಕೈ ಬೀಸುವರು, ಹತ್ತು ನಿಮಿಷ ಬಿಟ್ಟು ಸರಿಯಾಗಿ ನನ್ನ ಕಾಲ ಬುಡಕ್ಕೇ ಬಂದು ತಲೆ ಎತ್ತುವರು! ನಾನು ಅಳೆದೆ: ಈಜಿದ್ದು ಸುಮಾರು ಇನ್ನೂರು ಮೀಟರ್, ಮುಂದೆ ಹೋದದ್ದು ಸೊನ್ನೆ. ಕಾರಣ ಹುಡುಕಿದ್ದು ಅಜ್ಜ. ಮೂವತ್ತೆರಡು ವರ್ಷ ಎಡಹೆಗಲಿಗೆ ಚರ್ಮದ ಚೀಲ, ಟಿಕೆಟಿನ ಕೆಲಸವೆಲ್ಲ ಬಲಗೈಯದು. ಎಡಗೈ ನೀರಿನಲ್ಲೂ ಚೀಲವನ್ನು ಒತ್ತಿ ಹಿಡಿದುಕೊಂಡೇ ಇತ್ತು.

“ಕಂಡಕ್ಟರ್ರ, ನೀವು ರಿಂಗ್ ರೋಡ್ ಹಿಡದೀರಿ. ಊರೊಳಗ ಬರಂಗಿಲ್ಲ” ಎಂದರು ಅಜ್ಜ.

ಪರಿಹಾರವನ್ನೂ ಅವರೇ ಕಂಡುಹಿಡಿದರು. ತಮ್ಮ ತೆಪ್ಪವನ್ನು ಮಾಮಾನ ಮುಂದೆ ಹುಟ್ಟು ಹಾಕುತ್ತ ಹೊರಟರು. ಮುಂದಿನ ಗಾಡಿ ಪ್ಯಾಸೆಂಜರ್‌ಗಳನ್ನು ಎತ್ತಿಕೊಂಡು ಹೋಗುತ್ತಿದ್ದರೆ ಹಿಂದಿನ ಗಾಡಿಯ ಕಂಡಕ್ಟರ್ ಸುಮ್ಮನಿರುತ್ತಾನೆಯೇ? ಅಂದಿನಿಂದ ಮಾಮಾ ಗೆರೆ ಎಳೆದ ಹಾಗೆ ನೇರ ಈಜಿದರು.

ಸೈಕಲ್ಲಿನದು ಇನ್ನೊಂದು ಪುರಾಣ. ಬಾದಾಮಿಯ ಅಂಗಡಿಯವನು ರೇಸ್ ಸೈಕಲ್ಲಿಗೆ ಕ್ಯಾರಿಯರ್ ಹಾಕಲು ಒಪ್ಪಲಿಲ್ಲ. “ಸಾಹೇಬ್ರ, ಇದು ಒಬ್ಬರ ಗಾಡಿ” ಎಂದನಂತೆ. ಮಾಮಾ ಅವನನ್ನು ಕನಿಕರದಿಂದ ನೋಡಿ ಹುನಗುಂದಕ್ಕೆ ಬಂದು, ಪರಿಚಯದ ವೆಲ್ಡಿಂಗ್ ಅಂಗಡಿಯಲ್ಲಿ ಹಾಕಿಸಿಕೊಂಡರು. ಹೆಗಲಿಗೆ ಹಳೆಯದರಂಥದೇ ಒಂದು ಚರ್ಮದ ಚೀಲ. ಅದಿಲ್ಲದಿದ್ದರೆ ಸೈಕಲ್ ಬಲಕ್ಕೆ ವಾಲುತ್ತದಂತೆ. ಚೀಲದಲ್ಲಿ ಅಮೀನಗಡದ ಕರದಂಟು. ಸ್ಪರ್ಧೆಯವರು ಟ್ಯೂಬಿನಲ್ಲಿ ಬರುವ ಅಂಟಂಟು ಸಿಹಿಯನ್ನು ನೆಕ್ಕುತ್ತಾರೆ ಎಂದು ನಾನು ಹೇಳಿದ್ದೆ. ಮಾಮಾ ಕರದಂಟು ಜಗಿಯುತ್ತ, “ಅವರ ಊರಾಗ ಹಲ್ಲಿಲ್ಲೇನು?” ಎಂದು ಕೇಳಿದರು.

ಮೊದಲ ದಿನ ಬಾದಾಮಿಯಿಂದ ಪಟ್ಟದಕಲ್ಲಿಗೆ ಹೊರಟೆವು. ಅವರು ಸೈಕಲ್ ಮೇಲೆ, ನಾನು ಬೈಕ್ ಮೇಲೆ. ಆ ದಾರಿಯಲ್ಲಿ ಅವರನ್ನು ತಿಳಿಯದವರು ಯಾರಿದ್ದಾರೆ? ಹೊಲದಿಂದ ಒಬ್ಬ ಕೈ ಎತ್ತಿ, “ಕಂಡಕ್ಟರ್ರ, ಏನ್ ಬಸ್ ಸಣ್ಣದಾಗೇತಿ?” ಎಂದ. ಮಾಮಾ ಬ್ರೇಕ್ ಹಾಕಿದರು. ಮುಂದೆ ಒಬ್ಬಾಕೆ ತಲೆಯ ಮೇಲಿನ ಹುಲ್ಲಿನ ಹೊರೆಗೆ ಕೈ ಕೊಟ್ಟಳು. ಮಾಮಾ ಬ್ರೇಕ್ ಹಾಕಿದರು. ನನ್ನ ನೋಟ್‌ಬುಕ್ಕಿನಲ್ಲಿ ಇದೆ: ನಿಲುಗಡೆ ಮೂವತ್ತೊಂದು. ಮೂವತ್ತೊಂದನೆಯದರಲ್ಲಿ ಒಬ್ಬ ಮುದುಕಿ ಕ್ಯಾರಿಯರ್ ಮೇಲೆ ಹತ್ತಿ ಕೂತೇಬಿಟ್ಟಳು.

“ಸ್ಪರ್ಧಾದಾಗ ಜನ ಎರಡೂ ಕಡೆ ನಿಂತು ಕೈ ಬೀಸ್ತಾರ್ರಿ ಮಾಮಾ, ಹುರುಪು ಕೊಡಾಕ! ಎಲ್ಲಾರಿಗೂ ನಿಂತ್ರ ಹೆಂಗ?”

“ಗಾಡಿ ಖಾಲಿ ಐತಿ, ಅವರು ಕೈ ಮಾಡ್ಯಾರ. ನಿಲ್ಲಲಾರದ ಹೋಗಾಕ ನಾ ಏನ್ ಎಕ್ಸ್‌ಪ್ರೆಸ್ ಏನು?”

“ಹೌದ ಬಿಡು ಮಗನ, ಮಾತಾಡಸಬ್ಯಾಡ ಅವಗ, ಏರು ಐತಿ” ಎಂದು ಕ್ಯಾರಿಯರ್ ಮೇಲಿನ ಮುದುಕಿ ನನ್ನನ್ನೇ ಗದರಿದಳು.

ದೇಹದ ತಯಾರಿ ಹೀಗೆ ನಿಂತು ನಿಂತು ಸಾಗುತ್ತಿದ್ದರೆ, ಮನಸ್ಸಿನ ತಯಾರಿಯಲ್ಲಿ ಮಾತ್ರ ಮಾಮಾ ನನ್ನನ್ನು ಬೆರಗುಗೊಳಿಸಿದರು. ಹದಿನೈದು ಕಿಲೋಮೀಟರ್ ಓಡಿ ಬಂದು, ಹೊಲದ ಬದುವಿನ ಮೇಲೆ ಮೊಣಕಾಲು ಹಿಡಿದು ಕೂತಿದ್ದ ದಿನ ನಾನು ಕೇಳಿದೆ: “ನೋವು ತಡಕೊಳ್ಳೂದು ಹೆಂಗ್ರಿ?”

“ತಡಕೊಳ್ಳೂದು ಯಾಕ? ನೋವು ಅಂದ್ರ ಪ್ಯಾಸೆಂಜರ್. ಕೈ ಮಾಡ್ತೈತಿ, ಹತ್ತಸ್ಕೋಬೇಕು. ಮೊಣಕಾಲು ನೋವು ಎರಡ್ ಸ್ಟೇಜು ಬರ್ತೈತಿ, ಇಳೀತೈತಿ. ಆಮ್ಯಾಲೆ ಬೆನ್ನು ನೋವು ಹತ್ತತೈತಿ. ಯಾರೂ ಕಡೀ ಸ್ಟಾಪಿನ ತನಕ ಬರೂದಿಲ್ಲಲೇ. ‘ಒಳಗ ಸರೀರಿ, ಒಳಗ ಸರೀರಿ’ ಅಂದ್ಕೋತ ಹೋಗೂದು.”

ಓಡುವಾಗ ಅವರ ತುಟಿ ಅಲುಗುವುದನ್ನು ನಾನು ನೋಡಿದ್ದೆ. ಜಪ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಸ್ನಾಯುಗಳನ್ನು ಒಳಗೆ ಸರಿಸುತ್ತಿದ್ದರು!

ಇಷ್ಟರವರೆಗೆ ನಗುತ್ತ ಬರೆದೆ. ಮುಂದಿನದನ್ನು ಬರೆಯಲು ಕೈ ಸ್ವಲ್ಪ ನಿಧಾನವಾಗುತ್ತದೆ.

ಸ್ಪರ್ಧೆಯ ನಿಯಮಗಳ ಕಾಗದ ಬಂದಿತ್ತು. ನಾನು ಓದಿ ಹೇಳಿದೆ. ನೀರಿನಲ್ಲಿ ಯಾರಿಗಾದರೂ ಸುಸ್ತಾದರೆ, ಉಸಿರು ಸಿಗದಿದ್ದರೆ, ಒಂದು ಕೈಯನ್ನು ಮೇಲೆ ಎತ್ತಿ ಹಿಡಿಯಬೇಕು. ದೋಣಿಯವರು ಬಂದು ಎತ್ತಿಕೊಳ್ಳುತ್ತಾರೆ. ಅಜ್ಜ, “ಇದೊಂದು ಮೊದಲು ರೂಢಿ ಮಾಡ್ರಿ” ಎಂದರು. ಮಾಮಾ ತಲೆಯಾಡಿಸಿದರು. ರೂಢಿ ಮಾಡಲಿಲ್ಲ. ನಾನು ಮೂರು ಸಲ ನೆನಪಿಸಿದೆ. ಮೂರು ಸಲವೂ, “ಕೈ ಎತ್ತಿದವರನ್ನ ಹತ್ತಿಸ್ಕೊಳ್ಳಾಂವ ನಾ. ನಾ ಎತ್ತಿದ್ರ ಚಂದ ಕಾಣ್ತೈತೇನು?” ಎಂದು ನಕ್ಕು ಹಾರಿಸಿದರು.

ಅದಾದ ವಾರಕ್ಕೆ, ಬೆಳಗಿನ ಏಳು ಗಂಟೆ. ಅಜ್ಜನ ತೆಪ್ಪ ಮುಂದೆ, ಅಜ್ಜನ ಬೆನ್ನು ಮಾಮಾನ ಕಡೆಗೆ. ಹಿಂದೆ ಹತ್ತು ಮೀಟರ್ ಅಂತರದಲ್ಲಿ ಮಾಮಾ. ನಾನು ದಂಡೆಯ ಮೇಲೆ. ಕೆಂಪು ಕಾಣುತ್ತಿತ್ತು. ಗಡಿಯಾರ ನೋಡಿ ಬರೆದುಕೊಂಡು ತಲೆ ಎತ್ತಿದೆ. ಕೆಂಪು ಇರಲಿಲ್ಲ.

ನಾನು ಕೂಗಿದೆ. ಏನೆಂದು ಕೂಗಿದೆನೋ ತಿಳಿಯದು. ಅಜ್ಜ ತಿರುಗಿ ನೋಡಿದರು. ಆಮೇಲೆ ನಾನು ಎಣಿಸಿದೆ. ಯಾಕೆ ಎಣಿಸಿದೆ ಎಂದು ಕೇಳಬೇಡಿ. ಬೇರೇನೂ ಮಾಡಲು ನನಗೆ ಬರುತ್ತಿರಲಿಲ್ಲ. ಹನ್ನೊಂದಕ್ಕೆ ಅಜ್ಜ ನೀರಿಗೆ ಹಾರಿದರು, ಹದಿನೆಂಟಕ್ಕೆ ಕೆಂಪು ಮೇಲೆ ಬಂತು. ಕಾಲಿನ ಮೀನಖಂಡ ಸೆಟೆದು ಹಿಡಿದಿತ್ತು, ಅಷ್ಟೇ. ದಂಡೆಗೆ ತಂದು ಹಾಕಿದ ಮೇಲೆ ಮಾಮಾ ಕೆಮ್ಮಿದರು, ಕುಳಿತರು, ಉಸಿರು ಸರಿಮಾಡಿಕೊಂಡರು. ಮುಳುಗುವ ಮುಂಚೆ ಮೂರು ಸಲ ನೀರಿನ ಮೇಲೆ ಬಂದಿದ್ದೆ ಎಂದು ಅವರೇ ಹೇಳಿದರು. ಮೂರು ಸಲವೂ ಎರಡೂ ಕೈ ನೀರೊಳಗೇ ಇದ್ದವು.

“ಯಾಕ್ರಿ ಕೈ ಎತ್ತಲಿಲ್ಲ?” ಎಂದು ಕೇಳಿದೆ.

ಮಾಮಾ ನೀರಿನ ಕಡೆ ನೋಡುತ್ತ ಹೇಳಿದರು:

“ಐಹೊಳಿ ದಾಟಿ ಒಂದ್ ಕ್ರಾಸ್ ಐತಿ. ಸಂಜಿ ಗಾಡಿ, ಕಾಲಿಡಾಕ ಜಾಗ ಇರಲಿಲ್ಲ. ಒಬ್ಬಾಕಿ ಹೆಣ್ಮಗಳು, ಬಗಲಾಗ ಕೂಸು, ಕೈ ಮಾಡಿದ್ಲು. ಡ್ರೈವರ್ ಸಾವಕಾಶ ಮಾಡಿದ. ನಾ ಬಾಗಲದಾಗಿಂದ ‘ಹಿಂದಿನ ಗಾಡಿಗೆ ಬಾರವಾ’ ಅಂದು ಹೊರಡಾಕ ಡಬಲ್ ಸೀಟಿ ಹೊಡದೆ. ಹಿಂದ ಗಾಡಿ ಇರಲಿಲ್ಲಲೇ. ಅದ ಕಡೀದು. ಕನ್ನಡಿಯಾಗ ನೋಡಿದೆ. ಕೈ ಎತ್ತೇ ಇತ್ತು. ತಿರುವು ಬರೂತನಾ ಎತ್ತೇ ಇತ್ತು. ಆಕಿ ಕೈ ಇಳಿಸಿದ್ದು ನಾ ನೋಡಲಿಲ್ಲ.”

“ಆಮ್ಯಾಲೆ?”

“ಆಮ್ಯಾಲೆ ಏನಾತೋ ಗೊತ್ತಿಲ್ಲ. ಆಕಿ ಮತ್ತ ಆ ದಾರ್ಯಾಗ ಸಿಗಲಿಲ್ಲ.” ತಲೆಯ ಕೆಂಪು ಬಟ್ಟೆಯನ್ನು ಬಿಚ್ಚಿ ಹಿಂಡಿದರು. “ನಾ ಯಾವ ಮಾರೀಲೆ ಕೈ ಎತ್ತಲಿ ಹೇಳು.”

ಅಂದು ಹುನಗುಂದಕ್ಕೆ ಹೋಗಿ ಅತ್ತಿಗೆ ಎಲ್ಲವನ್ನೂ ಹೇಳಿದೆ. ಹನ್ನೊಂದು, ಹದಿನೆಂಟು, ಎಲ್ಲ. ಹೆಂಗಸಿನ ವಿಷಯ ಬಂದಾಗ ಅವರು ಕೈಯೆತ್ತಿ ನನ್ನನ್ನು ತಡೆದರು. “ಗೊತ್ತೈತಿ. ಆವತ್ತ ಬಂದು ಉಣ್ಣಲಿಲ್ಲ ಅವರು.” ಆಮೇಲೆ ಮಾಮಾನ ಎದುರಿಗೇ ತಮ್ಮ ತೀರ್ಪು ಹೇಳಿದರು:

“ಈಜೂದು ಕಲತೀರಿ, ಸೈಕಲ್ ಕಲತೀರಿ, ಓಡೂದು ಕಲತೀರಿ. ನಾಕನೇದು ಕಲೀರಿ. ನೆಲದ ಮ್ಯಾಲರೆ ಒಮ್ಮಿ ನೀವಾಗೇ ಕೈ ಎತ್ತಬೇಕು, ಇಂವ ಬರಕೊಂಡ ಬರಬೇಕು. ಇಲ್ಲಾಂದ್ರ ಸಮುದ್ರಕ್ಕ ಕಳಸಾಂಗಿಲ್ಲ.”

“ಸುಮ್ಮ ಎತ್ತಿದ್ರ ನಡೀತೈತೇನು?” ಎಂದು ಮಾಮಾ ಕೇಳಿದರು.

“ಸುಮ್ಮ ಎತ್ತಿದ್ದು, ಬೇಕಾಗಿ ಎತ್ತಿದ್ದು ಇವಗ ತಿಳೀತೈತಿ.”

ಎಂಥ ಭಾರ ನೋಡಿ! ಅವರು ಕೈ ಎತ್ತದಿದ್ದರೆ ಸ್ಪರ್ಧೆಗೆ ಹೋಗುವಂತಿಲ್ಲ; ಎತ್ತಿದರೆಂದು ನಾನು ಸುಳ್ಳು ಬರೆದರೆ ಸಮುದ್ರದಲ್ಲಿ ಹನ್ನೊಂದು ಎಣಿಸಲು ನಾನೂ ಇರುವುದಿಲ್ಲ, ಅಜ್ಜನೂ ಇರುವುದಿಲ್ಲ. ಹೊರಡುವಾಗ ಅತ್ತಿ ಇನ್ನೊಂದು ಮಾತು ಸೇರಿಸಿದರು: “ಜೀವಕ್ಕ ಬಂತು ಅನ್ನಿಸಿದ್ರ ನೀ ಕೈ ಎತ್ತು, ಅವರು ನಿಂದರ್ತಾರ. ಆದ್ರ ನೀ ಎತ್ತಿದ್ರ ಅದು ಅವರು ಎತ್ತಿದಂಗ ಆಗೂದಿಲ್ಲ.” ಅಂದಿನಿಂದ ನನ್ನ ಬಲಗೈಗೆ ನೆಮ್ಮದಿ ಇಲ್ಲ.

ಸ್ಪರ್ಧೆಗೆ ಒಂದು ತಿಂಗಳು ಇದ್ದಾಗ ಪೂರ್ತಿ ತಾಲೀಮು ಇಟ್ಟುಕೊಂಡೆವು. ಹಿನ್ನೀರಿನಲ್ಲಿ ಈಜು, ಬಾಗಲಕೋಟೆಯಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆ ಹಾಯ್ದು ಅಮೀನಗಡದವರೆಗೆ ಸೈಕಲ್, ಅಮೀನಗಡದಿಂದ ಹುನಗುಂದಕ್ಕೆ ಓಟ. ಬೈಕಿನ ಮೀಟರಿನಲ್ಲಿ ಅಳೆದು ನೋಡಿದ್ದೆ. ತುಸು ಹೆಚ್ಚುಕಡಿಮೆ ಬಿಟ್ಟರೆ ಸ್ಪರ್ಧೆಯಷ್ಟೇ ದೂರ. ಬೆಳಿಗ್ಗೆ ಆರಕ್ಕೆ ಶುರು. ಎರಡೂವರೆಗೆ ಹುನಗುಂದ ಬಸ್‌ಸ್ಟ್ಯಾಂಡ್ ಮುಟ್ಟಬೇಕು.

ಹಿಂದಿನ ದಿನ ನಾನು ದಾರಿಯ ಊರುಗಳಿಗೆಲ್ಲ ಹೋಗಿ ಕೈಮುಗಿದು ಬೇಡಿಕೊಂಡು ಬಂದಿದ್ದೆ: “ನಾಳೆ ಮಾಮಾ ಹಾದು ಹೋಗ್ತಾರ್ರಿ. ದಯಮಾಡಿ ಯಾರೂ ಕೈ ಎತ್ತಬ್ಯಾಡ್ರಿ.” ಜನ ಒಳ್ಳೆಯವರು. ಮಾತು ನಡೆಸಿಕೊಟ್ಟರು. ಪಟ್ಟದಕಲ್ಲಿನಲ್ಲಿ ರಸ್ತೆಯ ಎರಡೂ ಬದಿ ಸಾಲಾಗಿ ನಿಂತಿದ್ದರು. ಎಲ್ಲರ ಕೈಗಳೂ ಬೆನ್ನ ಹಿಂದೆ, ಮಾಸ್ತರು ಬೆತ್ತ ಹಿಡಿದು ಬಂದ ಹಾಗೆ. ಗುಡಿ ನೋಡಲು ಬಂದ ಪ್ರವಾಸಿಗಳು ಇದು ಇಲ್ಲಿನ ಯಾವುದೋ ಪ್ರಾಚೀನ ಸಂಪ್ರದಾಯವೆಂದು ಫೋಟೋ ತೆಗೆದುಕೊಂಡರು. ನಿಲುಗಡೆ: ಸೊನ್ನೆ! ನಾನು ಬೈಕಿನ ಮೇಲೆಯೇ ಹಿಗ್ಗಿದೆ.

ಐಹೊಳೆ ದಾಟಿದ ಮೇಲೆ ಕುರಿ ಹಿಂಡೊಂದು ರಸ್ತೆ ಅಡ್ಡ ಬಂತು. ಹೆಗಲಲ್ಲಿ ಕಂಬಳಿಯಿದ್ದ ಕುರುಬರ ಹಿರಿಯನೊಬ್ಬ ಹಿಂಡು ತಿರುಗಿಸಲು ಕೋಲು ಎತ್ತಿದ. ಮಾಮಾ ಬ್ರೇಕ್ ಹಾಕಿ ನಿಂತೇ ಬಿಟ್ಟರು. ಹಿಂಡು ದಾಟಿ ಹೋದರೂ ನಿಂತಿದ್ದರು.

“ಕುರಿಗೆ ಎತ್ತೇನ್ರಿ ಕಂಡಕ್ಟರ್ರ, ನಿಮಗಲ್ಲ! ನಡೀರಿ, ಬೀರಪ್ಪ ಒಳ್ಳೇದ ಮಾಡ್ಲಿ!”

ಆ ಕ್ರಾಸು ಬಂದಾಗ ಮಾಮಾ ತಲೆ ತಗ್ಗಿಸಿ ಸೈಕಲ್ ತುಳಿದರು. ಅಲ್ಲಿ ಯಾರೂ ಇರಲಿಲ್ಲ. ನಾನು ಬೋರ್ಡು ಓದಿದೆ, ಏನೂ ಬರೆದುಕೊಳ್ಳಲಿಲ್ಲ.

ಅಮೀನಗಡದಲ್ಲಿ ಸೈಕಲ್ ಇಳಿದಾಗ ಹನ್ನೆರಡಕ್ಕೆ ಐದು ನಿಮಿಷ. ಎರಡು ತುಂಡು ಕರದಂಟು, ನೀರು, ತಲೆಗೆ ಅದೇ ಕೆಂಪು ಸೆರಗು. ಓಡತೊಡಗಿದರು. ಮೊದಲ ಹತ್ತು ಕಿಲೋಮೀಟರ್ ಚೆನ್ನಾಗಿ ಹೋದರು. ತುಟಿ ಅಲುಗುತ್ತಿತ್ತು. ಹನ್ನೆರಡನೆಯದಕ್ಕೆ ಓಟ ಹೋಗಿ ದಾಪುಗಾಲಾಯಿತು, ಹದಿನಾಲ್ಕಕ್ಕೆ ದಾಪುಗಾಲು ಹೋಗಿ ನಡಿಗೆಯಾಯಿತು. ಎರಡೂವರೆ ಆಯಿತು. ಹುನಗುಂದ ಇನ್ನೂ ನಾಲ್ಕು ಕಿಲೋಮೀಟರ್ ಇತ್ತು.

“ಮಾಮಾ, ಟೈಮ್ ಮುಗೀತ್ರಿ.”

“ಕಡೀ ಸ್ಟಾಪ್ ಬಂದಿಲ್ಲಲ್ಲ.” ತುಟಿ ಒಣಗಿ ಬಿಳಿಚಿತ್ತು. “ಗಾಡಿ ಫುಲ್ ಆಗೇತಿ ಅಳಿಯಾ. ಯಾರೂ ಇಳಿವಲ್ರು.”

ನನ್ನ ಬಲಗೈ ಹ್ಯಾಂಡಲ್ ಬಿಟ್ಟು ಒಂದು ಗೇಣು ಮೇಲೆ ಬಂತು. ಎತ್ತಲೇ? ಎತ್ತಿದರೆ ನಿಲ್ಲುತ್ತಾರೆ, ಆದರೆ ಅವರಾಗಿ ಎತ್ತಿದಂತಾಗುವುದಿಲ್ಲ, ಸಮುದ್ರದ ಮಾತು ಅಲ್ಲಿಗೇ ಮುಗಿಯಿತು. ಎತ್ತದಿದ್ದರೆ? ಡಾಕ್ಟರರ ಮಾತು, ಹಿನ್ನೀರು, ಹನ್ನೊಂದು, ಎಲ್ಲ ಒಟ್ಟಿಗೆ ನೆನಪಾದವು. ಅವರ ಹೆಜ್ಜೆ ನೋಡಿದೆ. ಸೊಟ್ಟಗಿದ್ದರೂ ಗಟ್ಟಿಯಿತ್ತು. ಕೈಯನ್ನು ಮತ್ತೆ ಹ್ಯಾಂಡಲ್ ಮೇಲೆ ಇಟ್ಟೆ.

“ಹಿಂದ ಹಿಂದ ಬರಬ್ಯಾಡಲೇ, ಟೆಂಪೊ ಬೆನ್ನು ಹತ್ತಿದಂಗ ಆಗ್ತೈತಿ. ಮುಂದ ಹೋಗು” ಎಂದರು.

ಮುಂದೆ ಹೋದೆ. ನಿಧಾನವಾಗಿ, ಒಂದೇ ಗೇರಿನಲ್ಲಿ, ಕನ್ನಡಿಯಲ್ಲಿ ಆ ಕೆಂಪನ್ನು ಇಟ್ಟುಕೊಂಡು. ನೂರು ಮೀಟರ್ ಆಯಿತು. ಕೆಂಪು ಸಣ್ಣದಾಯಿತು. ನೂರೈವತ್ತಾಯಿತು. ಕೆಂಪು ನಿಂತಿತು. ರಸ್ತೆಯ ಅಂಚಿಗೆ ಸರಿದು, ಬೇವಿನ ಗಿಡದ ಹತ್ತಿರ ನೆಟ್ಟಗೆ ನಿಂತಿತು. ಆಮೇಲೆ ಆ ಕೆಂಪಿನ ಪಕ್ಕದಲ್ಲಿ ಒಂದು ಕೈ ಮೇಲೆ ಬಂತು. ಮೊದಲು ಮೊಣಕೈವರೆಗೆ, ಅರ್ಧಕ್ಕೆ ತಡೆದು, ಪೂರ್ತಿ.

ಮೂವತ್ತೆರಡು ವರ್ಷ ಅವರು ಬಾಗಿಲಲ್ಲಿ ನಿಂತು ಹೊರಗೆ ನೋಡಿದ್ದ ಕೈ ಅದು. ಅವರೇ ಹೊರಗೆ ನಿಂತು ಎತ್ತಿದ್ದು ನಾನು ಕಂಡಂತೆ ಅದೇ ಮೊದಲು.

ಬೈಕ್ ತಿರುಗಿಸಿದೆ. ನನಗೆ ಅಷ್ಟು ದೂರ ಎಂದೂ ಅನ್ನಿಸಿರಲಿಲ್ಲ. ನಾನು ಬರುತ್ತಿರುವುದು ಕಂಡರೂ ಅವರು ಕೈ ಇಳಿಸಲಿಲ್ಲ. ಹತ್ತಿರ ಬಂದೆ, ನಿಲ್ಲಿಸಿದೆ, ಕಾಲು ಊರಿದೆ. ಮುಖ ಬೆವರಿನಿಂದಲೋ ಬೇರೆ ಯಾವುದರಿಂದಲೋ ಒದ್ದೆಯಾಗಿತ್ತು. ಮಾಮಾ ಗಾಡಿಯನ್ನೂ ನನ್ನನ್ನೂ ನೋಡುತ್ತ ನಿಂತಿದ್ದರು, ನಿಲ್ಲುವುದೋ ಹೋಗಿಬಿಡುವುದೋ ಎಂಬುದು ಇನ್ನೂ ಖಾತ್ರಿಯಾಗದವರ ಹಾಗೆ.

“ಬರ್ರಿ ಮಾಮಾ” ಎಂದೆ. “ಜಾಗ ಐತಿ.”

ಆಗ ಇಳಿಸಿದರು.

ಸಂಜೆ ಅತ್ತಿ ನೋಟ್‌ಬುಕ್ ತೆರೆದು, ಬೆರಳಿಟ್ಟು, ಒಂದೊಂದೇ ಸಾಲು ಓದಿದರು. ಈಜು ಐವತ್ತೆಂಟು ನಿಮಿಷ. ನಿಲುಗಡೆ ಒಂದು, ಕುರಿಯದು. ವೇಳೆ ಮೀರಿತು. ಎರಡು ಗಂಟೆ ಐವತ್ತೊಂದು ನಿಮಿಷಕ್ಕೆ ಕೈ ಎತ್ತಿದರು. ಬೆರಳು ಅಲ್ಲಿ ನಿಂತಿತು. ಮಾಮಾ ಆ ಕಡೆಗಿನ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು ನಿದ್ದೆ ಹೋಗಿದ್ದರು. ಹೌದು, ಕುರ್ಚಿಯ ಮೇಲೆ, ಅಲುಗಾಡದೆ.

“ಇಳಿಸಿದ್ದು?” ಎಂದು ಅತ್ತಿ ಮೆಲ್ಲಗೆ ಕೇಳಿದರು. “ಅದನ್ನ ಬರದಿಲ್ಲಲ್ಲೋ ತಮ್ಮಾ.”

“ನಾ ನೋಡೇನ್ರಿ ಅತ್ತಿ. ನಾ ಹೋಗಿ ಮುಟ್ಟೂತನಾ ಎತ್ತೇ ಇತ್ತು. ಆಮ್ಯಾಲೆ ಇಳೀತು.”

ಅತ್ತಿ ನೋಟ್‌ಬುಕ್ ಮುಚ್ಚಿದರು. ಎದ್ದು ಹೋಗಿ, ಹಗ್ಗದ ಮೇಲೆ ಒಣಹಾಕಿದ್ದ ಕೆಂಪು ಸೆರಗನ್ನು ತಂದು, ಮೊಣಕಾಲ ಮೇಲೆ ಇಟ್ಟು ಸುಕ್ಕು ತೀಡಿ, ನಾಲ್ಕು ಮಡಿಕೆ ಮಾಡಿ, ಸಮುದ್ರಕ್ಕೆ ಹೋಗುವ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು.